ಕಾಗದ, ಸಹಿ, ಮೂರು ವಾರ: ಜರ್ಮನಿಯ ಕಾರ್ಮಿಕ ಕಾನೂನಿನ ತರಬೇತಿಯಿಂದ ಮಕ್ಕಳಿರುವ ಕುಟುಂಬಗಳಿಗೆ

ಆತ್ಮೀಯ ಬಂಧುಗಳೇ,

ಕೈಯಲ್ಲಿ ಚಿಕ್ಕ ಮಗುವಿರುವಾಗ ಕೆಲಸ ಹೋದರೆ ಏನು ಗತಿ, ಹೆರಿಗೆಯ ನಂತರ ತಂದೆಯೂ ರಜೆ ಕೇಳಿದರೆ ಮ್ಯಾನೇಜರ್ ಏನೆಂದುಕೊಂಡಾರು ಎಂಬ ಪ್ರಶ್ನೆಗಳು ಜರ್ಮನಿಯಲ್ಲಿ ನೆಲೆಸಿರುವ ನಮ್ಮವರ ನಡುವೆ ಮತ್ತೆ ಮತ್ತೆ ಏಳುತ್ತಿವೆ. ನಮ್ಮ ಕಂಪನಿಯ ಬೆಟ್ರೀಬ್ಸ್‌ರಾಟ್‌ಗೆ, ಅಂದರೆ ನೌಕರರೇ ಮತ ಹಾಕಿ ಆರಿಸುವ ಪ್ರತಿನಿಧಿ ಮಂಡಳಿಗೆ, ಆಯ್ಕೆಯಾದ ಮೇಲೆ ಕಾರ್ಮಿಕ ಕಾನೂನಿನ ಮೂಲ ತರಬೇತಿಗೆ ಹೋಗಿ ಬಂದಿದ್ದೇನೆ. ಅಲ್ಲಿ ಕೇಳಿದ್ದರಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ನೇರವಾಗಿ ತಟ್ಟುವ ಭಾಗವನ್ನಷ್ಟೇ ಇಲ್ಲಿ ಬರೆಯುತ್ತೇನೆ. ನಾನು ವಕೀಲಿ ವೃತ್ತಿಯಲ್ಲಿಲ್ಲ. ಕೇಳಿದ್ದನ್ನು ಕಾಯ್ದೆಯ ಕಲಮುಗಳೊಂದಿಗೆ ತಾಳೆ ನೋಡಿ ಬರೆಯುತ್ತಿದ್ದೇನೆ.

ಮೊದಲು ತರಬೇತಿಯ ಬಗ್ಗೆ ಎರಡು ಮಾತು. ಇದು ಕಂಪನಿಯ ಔದಾರ್ಯವಲ್ಲ. ಮಂಡಳಿಯ ಕೆಲಸಕ್ಕೆ ಬೇಕಾದ ತರಬೇತಿಗೆ ಸದಸ್ಯರನ್ನು ಸಂಬಳ ಸಹಿತ ಕಳುಹಿಸಬೇಕು, ಅದರ ಖರ್ಚನ್ನೂ ಮಾಲೀಕರೇ ಭರಿಸಬೇಕು ಎಂದು 1972ರ ಬೆಟ್ರೀಬ್ಸ್‌ಫೆರ್ಫಾಸುಂಗ್ಸ್‌ಗೆಸೆಟ್ಸ್ ಎಂಬ ಕಾಯ್ದೆ ಹೇಳುತ್ತದೆ. ಮಂಡಳಿಯ ಕೆಲಸಕ್ಕೆಂದು ಊರು ಬಿಟ್ಟು ಹೋಗಬೇಕಾದಾಗ, ಮಕ್ಕಳನ್ನು ಒಬ್ಬಳೇ ಬೆಳೆಸುತ್ತಿರುವ ತಾಯಿಗೆ ಮಗುವಿನ ಆರೈಕೆಯ ಖರ್ಚನ್ನು ಕಂಪನಿಯೇ ಕೊಡಬೇಕೆಂದು ಎರ್ಫುರ್ಟ್‌ನಲ್ಲಿರುವ ಫೆಡರಲ್ ಕಾರ್ಮಿಕ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿದೆ. ಮಂಡಳಿಗೆ ನಿಲ್ಲಲು ಜರ್ಮನ್ ಪೌರತ್ವ ಬೇಕಿಲ್ಲ. ವಯಸ್ಸು ಹದಿನೆಂಟು ತುಂಬಿ, ಆ ಸಂಸ್ಥೆಯಲ್ಲಿ ಆರು ತಿಂಗಳು ಕೆಲಸ ಮಾಡಿದ್ದರೆ ಸಾಕು. ನಮ್ಮವರು ದೊಡ್ಡ ಸಂಖ್ಯೆಯಲ್ಲಿರುವ ಐಟಿ ವಿಭಾಗಗಳಲ್ಲೂ ಈ ಚುನಾವಣೆಯನ್ನು ಯಾರೂ ಗಮನಿಸದಿರುವುದು ನನಗೆ ಬೇಸರದ ಸಂಗತಿ. ಮಂಡಳಿಯಲ್ಲಿ ಇಲ್ಲದವರಿಗೂ ಹೆಚ್ಚಿನ ರಾಜ್ಯಗಳಲ್ಲಿ ವರ್ಷಕ್ಕೆ ಐದು ದಿನಗಳ ಸಂಬಳ ಸಹಿತ ಕಲಿಕಾ ರಜೆ ಉಂಟು. ಬವೇರಿಯಾದಲ್ಲಿ ಅಂಥ ಕಾಯ್ದೆಯೇ ಇಲ್ಲ. ಮ್ಯೂನಿಕ್‌ನವರು ಈ ವಿಷಯದಲ್ಲಿ ಕೈಕಟ್ಟಿ ಕೂರಬೇಕಷ್ಟೆ.

ತರಬೇತಿಯಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಒಂದು ಅಭ್ಯಾಸ. ತರಬೇತಿ ನೀಡುತ್ತಿದ್ದ ವಕೀಲರು ಪ್ರತಿ ಮೇಜಿಗೂ ಒಂದೊಂದು ಕೆಲಸ ಬಿಡಿಸುವ ಪತ್ರವನ್ನು ಹಂಚಿ, ಯಾವುದು ಊರ್ಜಿತ, ಯಾವುದು ಅಸಿಂಧು ಎಂದು ವಿಂಗಡಿಸಲು ಹೇಳಿದರು. ಒಂದು ಪತ್ರ ಇಮೇಲ್‌ನಲ್ಲಿ ಬಂದ ಪಿಡಿಎಫ್. ಅದರಲ್ಲಿ ನಿರ್ದೇಶಕರ ಸ್ಕ್ಯಾನ್ ಮಾಡಿದ ಸಹಿ ಇತ್ತು. ಇನ್ನೊಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪತ್ರದ ಚಿತ್ರ. ಮತ್ತೊಂದಕ್ಕೆ ಡಿಜಿಟಲ್ ಸಹಿ ಹಾಕಲಾಗಿತ್ತು. ಮೂರೂ ಅಸಿಂಧು. ಜರ್ಮನ್ ನಾಗರಿಕ ಸಂಹಿತೆಯ 623ನೇ ಕಲಮಿನ ಪ್ರಕಾರ ಕೆಲಸದಿಂದ ತೆಗೆಯುವ ಪತ್ರ ಕಾಗದದ ಮೇಲಿರಬೇಕು, ಶಾಯಿಯ ಸಹಿ ಇರಬೇಕು, ಆ ಮೂಲಪ್ರತಿಯೇ ನೌಕರರ ಕೈ ಸೇರಬೇಕು. ಮೀಟಿಂಗ್‌ನಲ್ಲಿ ಬಾಯಿಮಾತಿನಲ್ಲಿ ನಾಳೆಯಿಂದ ಬರಬೇಡಿ ಎಂದರೆ ಅದಕ್ಕೆ ಬೆಲೆಯಿಲ್ಲ. ನಾವು ಕೋಪದಲ್ಲೋ ಅವಮಾನದಲ್ಲೋ ರಾಜೀನಾಮೆಯನ್ನು ಇಮೇಲ್ ಮಾಡಿದರೂ ಇದೇ ನಿಯಮ, ಅದೂ ಊರ್ಜಿತವಲ್ಲ.

ಆದರೆ ಅಸಿಂಧುವಾದ ಪತ್ರ ತಾನಾಗಿಯೇ ಸತ್ತುಹೋಗುತ್ತದೆ ಎಂದು ಭಾವಿಸಿ ಸುಮ್ಮನಿರುವುದು ಅಪಾಯ. ಕಾಗದದ ಪತ್ರ ಕೈಸೇರಿದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡದಿದ್ದರೆ, ಕಾರಣ ಎಷ್ಟೇ ಪೊಳ್ಳಾಗಿದ್ದರೂ ವಜಾ ಊರ್ಜಿತವಾಗಿಬಿಡುತ್ತದೆ. ಸೋಮವಾರ ಸಿಕ್ಕ ಪತ್ರಕ್ಕೆ ಮೂರು ವಾರ ಕಳೆದು ಬರುವ ಸೋಮವಾರವೇ ಕೊನೆಯ ದಿನ. ಇಲ್ಲಿ ನಮ್ಮವರಿಗೆ ವಿಶೇಷವಾದ ತೊಡಕೊಂದಿದೆ. ಪತ್ರ ಕೈಸೇರುವುದೆಂದರೆ ನಾವು ಅದನ್ನು ಒಡೆದು ಓದುವುದಲ್ಲ. ಮನೆಯ ಅಂಚೆಪೆಟ್ಟಿಗೆಗೆ ಬಿದ್ದು, ಅದನ್ನು ತೆಗೆಯುವ ವೇಳೆ ಕಳೆದರೆ ಕೈಸೇರಿದಂತೆಯೇ ಲೆಕ್ಕ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಐದಾರು ವಾರ ಊರಿಗೆ ಹೋಗುವವರು ನಮ್ಮಲ್ಲಿ ಅನೇಕರು. ನೀವು ಊರಿನಲ್ಲಿದ್ದೀರಿ ಎಂದು ಕಂಪನಿಗೆ ಗೊತ್ತಿದ್ದರೂ ಗಡುವು ಇಲ್ಲಿ ಓಡುತ್ತಲೇ ಇರುತ್ತದೆ. ಮರಳಿದ ಮೇಲೆ ತಡವಾದ ದಾವೆಯನ್ನು ಒಪ್ಪಿಕೊಳ್ಳುವಂತೆ ನ್ಯಾಯಾಲಯವನ್ನು ಕೇಳಲು ಅವಕಾಶವಿದೆ. ಆ ಅರ್ಜಿಗೂ, ಅಡ್ಡಿ ನೀಗಿದ ದಿನದಿಂದ, ಎರಡೇ ವಾರದ ಗಡುವು. ನೆರೆಹೊರೆಯ ನಂಬಿಕಸ್ಥರೊಬ್ಬರಿಗೆ ಅಂಚೆಪೆಟ್ಟಿಗೆಯ ಬೀಗದ ಕೈ ಕೊಟ್ಟು, ಕಂಪನಿಯ ಲಕೋಟೆ ಬಂದರೆ ಬಂದ ದಿನಾಂಕದೊಂದಿಗೆ ಫೋಟೋ ಕಳಿಸಲು ಹೇಳಿ ಹೋಗುವುದು ಇದಕ್ಕೆ ಸರಳ ಉಪಾಯ.

ನ್ಯಾಯಾಲಯ ಎಂದೊಡನೆ ವರ್ಷಾನುಗಟ್ಟಲೆ ಅಲೆದಾಟ ಎಂಬ ಹೆದರಿಕೆ ನಮ್ಮಲ್ಲಿದೆ. ಇಲ್ಲಿ ಮೊದಲ ಹಂತದಲ್ಲಿ ವಕೀಲರೇ ಬೇಕೆಂದಿಲ್ಲ. ನ್ಯಾಯಾಲಯದಲ್ಲೇ ಇರುವ ಅರ್ಜಿ ವಿಭಾಗದಲ್ಲಿ ಕುಳಿತು ದಾವೆಯನ್ನು ಬರೆಸಬಹುದು. ಗೆದ್ದರೂ ಸೋತರೂ ಆ ಹಂತದಲ್ಲಿ ಅವರವರ ವಕೀಲರ ಖರ್ಚು ಅವರವರದೇ. ಮೊದಲು ರಾಜಿ ವಿಚಾರಣೆ ನಡೆಯುತ್ತದೆ. ಬಹಳಷ್ಟು ಪ್ರಕರಣಗಳು ಪರಿಹಾರಧನದೊಂದಿಗೆ ಅಲ್ಲೇ ಮುಗಿಯುತ್ತವೆ. ದುಡಿದ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ಸಂಬಳ ಎಂಬ ಸೂತ್ರವನ್ನು ನೀವು ಕೇಳಿರಬಹುದು. ಅದು ಎಲ್ಲರಿಗೂ ತಾನಾಗಿ ದೊರೆಯುವ ಹಕ್ಕಲ್ಲ, ಚೌಕಾಸಿ ಸಾಮಾನ್ಯವಾಗಿ ಆರಂಭವಾಗುವ ಬಿಂದು. ವಜಾಕ್ಕೆ ತಕ್ಕ ಕಾರಣ ಕೊಡಬೇಕೆಂಬ ಸಾಮಾನ್ಯ ರಕ್ಷಣೆ ಸಿಗಬೇಕಾದರೆ ಸಂಸ್ಥೆಯಲ್ಲಿ ಹತ್ತಕ್ಕಿಂತ ಹೆಚ್ಚು ನೌಕರರಿರಬೇಕು, ನೀವು ಅಲ್ಲಿ ಆರು ತಿಂಗಳು ದಾಟಿರಬೇಕು ಎಂಬುದನ್ನೂ ನೆನಪಿಡಿ. ಸ್ಟಾರ್ಟಪ್ ಸೇರುವ ಮುನ್ನ ಸಂಬಳದ ಜೊತೆಗೆ ತಲೆಗಳನ್ನೂ ಎಣಿಸಿ ಎಂದು ವಕೀಲರು ನಗುತ್ತಲೇ ಹೇಳಿದರು. ಮಂಡಳಿ ಇರುವ ಕಡೆ, ಯಾವುದೇ ವಜಾಕ್ಕೆ ಮುನ್ನ ಅದರ ಅಭಿಪ್ರಾಯ ಕೇಳಲೇಬೇಕು. ಕೇಳದೆ ಕೊಟ್ಟ ಪತ್ರ ಪ್ರೋಬೆಜೈಟ್‌ನಲ್ಲಿ, ಅಂದರೆ ಆರಂಭದ ಪರೀಕ್ಷಾ ಅವಧಿಯಲ್ಲಿ, ಇರುವವರ ವಿಷಯದಲ್ಲೂ ಅಸಿಂಧು.

ನನ್ನ ಅಭಿಪ್ರಾಯದಲ್ಲಿ ನಮ್ಮವರಿಗೆ ಅತಿ ಹೆಚ್ಚು ನಷ್ಟವಾಗುವುದು ವಜಾದಿಂದಲ್ಲ, ಔಫ್‌ಹೇಬುಂಗ್ಸ್‌ಫೆರ್ಟ್ರಾಗ್‌ನಿಂದ, ಅಂದರೆ ಪರಸ್ಪರ ಒಪ್ಪಿಗೆಯಿಂದ ಕೆಲಸ ಮುಗಿಸುವ ಒಪ್ಪಂದದಿಂದ. ಎಚ್‌ಆರ್‌ನವರು ಕರೆಯುತ್ತಾರೆ; ಕಾಫಿ ಕೊಡುತ್ತಾರೆ; ಒಳ್ಳೆಯ ಪ್ರಮಾಣಪತ್ರ ಬರೆದುಕೊಡುತ್ತೇವೆ, ಇವತ್ತೇ ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಹೆಚ್ಚು ಎನ್ನುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಸಂಸ್ಕಾರದಲ್ಲಿ ಬೆಳೆದ ನಮಗೆ ಅಲ್ಲಿ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಅದರ ಮೇಲೆ ವೀಸಾ ಎಂಬ ಭಯ ಬೇರೆ. ಆ ಸಹಿಯೊಂದಿಗೆ ವಜಾ ರಕ್ಷಣೆ, ನೋಟಿಸ್ ಅವಧಿ, ಮಂಡಳಿಯ ವಿಚಾರಣೆ ಎಲ್ಲವೂ ಒಮ್ಮೆಗೇ ಕೈಬಿಟ್ಟುಹೋಗುತ್ತವೆ. ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರೆಂದು ಉದ್ಯೋಗ ಇಲಾಖೆ ಸಾಮಾನ್ಯವಾಗಿ ಹನ್ನೆರಡು ವಾರ ನಿರುದ್ಯೋಗ ಭತ್ಯೆಯನ್ನು ತಡೆಯುತ್ತದೆ. ಮನೆಗೆ ಹೋಗಿ ಯೋಚಿಸಿದ ಮೇಲೆ ಸಹಿಯನ್ನು ಹಿಂಪಡೆಯುತ್ತೇನೆ ಎನ್ನುವ ಹಕ್ಕೂ ಇಲ್ಲ. ಫೆಡರಲ್ ಕಾರ್ಮಿಕ ನ್ಯಾಯಾಲಯ 2019ರ ಫೆಬ್ರವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅನಾರೋಗ್ಯದಂಥ ದುರ್ಬಲ ಸ್ಥಿತಿಯನ್ನು ದುರುಪಯೋಗಪಡಿಸಿಕೊಂಡು ಸಹಿ ಪಡೆದಿದ್ದರೆ ಒಪ್ಪಂದ ಬೀಳಬಹುದು ಎಂದು ಅದೇ ತೀರ್ಪು ಹೇಳಿದೆಯಾದರೂ, ಅದನ್ನು ಸಾಬೀತುಪಡಿಸುವ ಹೊಣೆ ನೌಕರರದು. ಆದ್ದರಿಂದ ಕಾಗದವನ್ನು ತೆಗೆದುಕೊಳ್ಳಿ, ಧನ್ಯವಾದ ಹೇಳಿ, ಮನೆಗೆ ಬನ್ನಿ. ಸಹಿಗೆ ಆ ದಿನವೇ ಮುಹೂರ್ತವಿರಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ.

ಇನ್ನು ಎಲ್ಟರ್ನ್‌ಜೈಟ್, ಅಂದರೆ ಮಗುವಿನ ಪಾಲನೆಗಾಗಿ ತೆಗೆದುಕೊಳ್ಳುವ ರಜೆ. ತಂದೆ ತಾಯಿ ಇಬ್ಬರಿಗೂ ಪ್ರತಿ ಮಗುವಿಗೆ ತಲಾ ಮೂರು ವರ್ಷದ ಹಕ್ಕಿದೆ. ಅದರಲ್ಲಿ 24 ತಿಂಗಳವರೆಗೆ ಮಗುವಿಗೆ ಮೂರು ತುಂಬಿದ ಮೇಲೂ, ಎಂಟನೆಯ ಹುಟ್ಟುಹಬ್ಬದೊಳಗೆ ಬಳಸಿಕೊಳ್ಳಬಹುದು. ಮಗುವಿಗೆ ಮೂರು ತುಂಬುವ ಮೊದಲಿನ ರಜೆಗೆ ಮಾಲೀಕರ ಒಪ್ಪಿಗೆ ಬೇಕಿಲ್ಲ, ಏಳು ವಾರ ಮುಂಚೆ ತಿಳಿಸಿದರಾಯಿತು. 2025ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಇಮೇಲ್ ಸಾಕು. ಅದಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಇನ್ನೂ ಕಾಗದ ಮತ್ತು ಶಾಯಿಯ ಸಹಿಯೇ ಬೇಕು. ತಂದೆಯರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರಜೆ ಕೇಳಿದವರನ್ನು ವಜಾ ಮಾಡಬಾರದೆಂಬ ವಿಶೇಷ ರಕ್ಷಣೆ ಅರ್ಜಿ ಕೊಟ್ಟ ದಿನದಿಂದ ಆರಂಭವಾಗುತ್ತದೆಯಾದರೂ, ರಜೆಗೆ ಎಂಟು ವಾರಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಸಂಭ್ರಮದಲ್ಲಿ ಐದು ತಿಂಗಳು ಮೊದಲೇ ಅರ್ಜಿ ಕೊಟ್ಟವರು ಆ ನಡುವಿನ ಅವಧಿಯಲ್ಲಿ ಈ ರಕ್ಷಣೆಯ ಹೊರಗಿರುತ್ತಾರೆ. ಎಂಟನೆಯ ಮತ್ತು ಏಳನೆಯ ವಾರದ ನಡುವೆ ಅರ್ಜಿ ಕೊಡಿ ಎಂಬ ಸಲಹೆ ಇದರಿಂದಲೇ ಬಂದದ್ದು. ಜೊತೆಗೆ, ಮೊದಲ ಅರ್ಜಿಯಲ್ಲೇ ಮುಂದಿನ ಎರಡು ವರ್ಷಗಳಲ್ಲಿ ಯಾವಾಗ ಯಾವಾಗ ರಜೆ ಎಂಬುದನ್ನು ತಿಳಿಸಬೇಕು. ಆಗ ಬಿಟ್ಟುಹೋದ ತಿಂಗಳುಗಳನ್ನು ಆ ಎರಡು ವರ್ಷಗಳೊಳಗೆ ಮತ್ತೆ ಕೇಳಲು ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಅಜ್ಜಿ ತಾತ ವೀಸಾ ಮೇಲೆ ಯಾವ ತಿಂಗಳು ಬರುತ್ತಾರೆ, ಕೀಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಜಾಗ ಯಾವಾಗ ಸಿಗುತ್ತದೆ ಎಂಬುದನ್ನೆಲ್ಲ ಮೊದಲೇ ಕೂಡಿ ಕಳೆದು ನೋಡಿ ಬರೆಯುವುದು ಒಳ್ಳೆಯದು.

ತಂದೆ ದೀರ್ಘ ರಜೆ ತೆಗೆದುಕೊಂಡರೆ ಬಡ್ತಿ ತಪ್ಪುತ್ತದೆ ಎಂದು ನಮ್ಮಲ್ಲಿ ಕೆಲವು ಹಿರಿಯರು ಹೇಳಿದ್ದಾರೆ. ಕೆಲವು ಕಡೆ ಹಾಗೆ ಆಗಲೂಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಂಧು ಬಳಗವಿಲ್ಲದ ಊರಿನಲ್ಲಿ ಬಾಣಂತನವನ್ನೂ ಮಗುವನ್ನೂ ಒಬ್ಬಳೇ ನಿಭಾಯಿಸುವ ತಾಯಿ ತನ್ನ ವೃತ್ತಿಗೆ ಮರಳುವುದು ಇನ್ನೂ ತಡವಾಗುತ್ತದೆ ಎಂಬುದನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ರಜೆಯ ಕಾಲದಲ್ಲಿ ವಾರಕ್ಕೆ 32 ಗಂಟೆಯವರೆಗೆ ಕೆಲಸ ಮಾಡಲು ಕಾಯ್ದೆ ಬಿಡುತ್ತದೆ. ಬಡ್ತಿಯ ಚಿಂತೆ ಇರುವವರಿಗೆ ಇದು ನಡುವಿನ ದಾರಿ.

ಮಗುವಿಗೆ ಜ್ವರ ಬಂದಾಗಿನ ರಜೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2024ರಿಂದ, ಸಾರ್ವಜನಿಕ ಆರೋಗ್ಯ ವಿಮೆಯಲ್ಲಿರುವ ತಂದೆ ಅಥವಾ ತಾಯಿಗೆ ಹನ್ನೆರಡರೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 15 ದಿನ, ಒಂಟಿ ಪೋಷಕರಿಗೆ 30 ದಿನ, ವಿಮೆಯಿಂದ ಭತ್ಯೆ ದೊರೆಯುತ್ತದೆ. ಸಂಬಳ ಹೆಚ್ಚಾಯಿತೆಂದು ಖಾಸಗಿ ವಿಮೆಗೆ ಹೋದವರಿಗೆ ಈ ಭತ್ಯೆ ಇಲ್ಲ; ಸಂಬಳವಿಲ್ಲದ ರಜೆಯನ್ನಷ್ಟೇ ಕೇಳಬಹುದು. ಕೆಲವು ದಿನಗಳಿಗೆ ಸಂಬಳ ಕೊಡಿಸಬಲ್ಲ ನಾಗರಿಕ ಸಂಹಿತೆಯ 616ನೇ ಕಲಮನ್ನು ಕಂಪನಿಗಳು ಉದ್ಯೋಗ ಒಪ್ಪಂದದಲ್ಲೇ ಕೈಬಿಡಬಹುದು. ನಿಮ್ಮ ಒಪ್ಪಂದದಲ್ಲಿ ಆ ಸಾಲು ಇದೆಯೇ ಎಂದು ನೋಡಿ.

ಕೊನೆಯದಾಗಿ, ಎಲ್ಲರನ್ನೂ ಕಾಡುವ ವೀಸಾ ವಿಚಾರ. ತರಬೇತಿಯಲ್ಲಿ ಇದನ್ನು ಕೇಳಿದವರು ಭಾರತೀಯರು ಮಾತ್ರವಲ್ಲ. ಬ್ಲೂ ಕಾರ್ಡ್‌ನಲ್ಲಿ, ಅಂದರೆ ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ನಿವಾಸ ಪರವಾನಗಿಯಲ್ಲಿ, ಇರುವವರು ಕೆಲಸ ಅವಧಿಗೆ ಮುನ್ನವೇ ಮುಗಿದರೆ, ತಿಳಿದ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಕೆಲಸ ಹೋದ ಮರುದಿನವೇ ನಿವಾಸ ಪರವಾನಗಿ ತಾನಾಗಿ ರದ್ದಾಗುವುದಿಲ್ಲ. ಕಚೇರಿ ಅದರ ಅವಧಿಯನ್ನು ಮೊಟಕುಗೊಳಿಸಬಹುದು, ಹೊಸ ಕೆಲಸ ಹುಡುಕಲು ಕಾಲಾವಕಾಶವನ್ನೂ ಕೊಡುತ್ತದೆ. ನಿರುದ್ಯೋಗ ಭತ್ಯೆ ತೆಗೆದುಕೊಂಡರೆ ಮುಂದೆ ಕಾಯಂ ನಿವಾಸಕ್ಕೆ ಕಪ್ಪುಚುಕ್ಕೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ನಾವೇ ವಂತಿಗೆ ಕಟ್ಟಿ ಪಡೆಯುವ ಈ ನಿರುದ್ಯೋಗ ಭತ್ಯೆಯನ್ನಾಗಲಿ, ಮಕ್ಕಳ ಭತ್ಯೆಯನ್ನಾಗಲಿ, ಎಲ್ಟರ್ನ್‌ಗೆಲ್ಡ್ ಎಂಬ ಪೋಷಕರ ಭತ್ಯೆಯನ್ನಾಗಲಿ ನಿವಾಸ ಕಾಯ್ದೆ ಸರ್ಕಾರದ ಮೇಲಿನ ಹೊರೆ ಎಂದು ಎಣಿಸುವುದಿಲ್ಲ. ಕಳೆದ 30 ತಿಂಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿದವರಿಗೆ ನಿವ್ವಳ ಸಂಬಳದ ಶೇಕಡ 60ರಷ್ಟು, ಮಕ್ಕಳಿದ್ದರೆ ಶೇಕಡ 67ರಷ್ಟು ಭತ್ಯೆ ಸಿಗುತ್ತದೆ. ಕೆಲಸ ಮುಗಿಯುವ ಮೂರು ತಿಂಗಳು ಮೊದಲು, ಅಷ್ಟು ಕಾಲವಿಲ್ಲದಿದ್ದರೆ ತಿಳಿದ ಮೂರು ದಿನದೊಳಗೆ, ಕೆಲಸ ಹುಡುಕುತ್ತಿರುವವರೆಂದು ಉದ್ಯೋಗ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು.

ಯಾರಿಗಾದರೂ ಈಗಲೇ ಪತ್ರ ಬಂದಿದ್ದರೆ, ಅದು ಸಿಕ್ಕ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿಟ್ಟುಕೊಂಡು, ಅದೇ ವಾರ ನಿಮ್ಮ ಮಂಡಳಿಯನ್ನೋ, ಕಾರ್ಮಿಕ ಸಂಘವನ್ನೋ, ಕಾರ್ಮಿಕ ಕಾನೂನಿನ ವಕೀಲರನ್ನೋ ಕಾಣಿರಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದ ಕೆಲಸಗಾರರಿಗಾಗಿಯೇ ಫೇರ್ ಇಂಟಿಗ್ರೇಶನ್ ಎಂಬ ಉಚಿತ ಸಲಹಾ ಕೇಂದ್ರಗಳು ಎಲ್ಲ ರಾಜ್ಯಗಳಲ್ಲೂ ಇವೆ. ಜರ್ಮನ್ ಸರಾಗವಾಗಿ ಬಾರದವರು ಮೊದಲು ಅಲ್ಲಿಗೆ ಹೋಗಬಹುದು.