ಆಗುಂಬೆಗೆ ಹೋಗುವಾಗಲೂ ಬರುವಾಗಲೂ ಎದುರು ಬಿಸಿಲು: ಯಾವ ಹೆಲ್ಮೆಟ್ ತಗೊಳ್ಳಲಿ?

ಪ್ರಶ್ನೆ (ಮಣಿಪಾಲದಿಂದ): ನಮಸ್ತೆ ಸರ್. ನನಗೆ 46 ವರ್ಷ, ಕನ್ನಡಕ ಉಂಟು. ಆಗಾಗ ಬೈಕಲ್ಲಿ ಹೆಬ್ರಿ, ಆಗುಂಬೆ ದಾರಿಯಾಗಿ ತೀರ್ಥಹಳ್ಳಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆಯೂ ಬಿಸಿಲು ಕಣ್ಣಿಗೆ, ಸಂಜೆ ವಾಪಸ್ ಬರುವಾಗಲೂ ಕಣ್ಣಿಗೆ. ಹೊಸ ಫುಲ್ ಫೇಸ್ ಹೆಲ್ಮೆಟ್ ತಗೊಳ್ಳಬೇಕು. ಮುಖದ ಮುಂದಿನ ಗಾಜು, ಅಂದರೆ ವೈಸರ್, ಕಪ್ಪು ಬಣ್ಣದ್ದು (ಸ್ಮೋಕ್ ವೈಸರ್) ಹಾಕಿಸಿದರೆ ಸಾಕಾ, ಒಳಗೆ ಇನ್ನೊಂದು ಕಪ್ಪು ಗಾಜು (ಸನ್ ವೈಸರ್) ಇರುವುದೇ ಬೇಕಾ? ನೀವು ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ಆಪ್ಟೋಮೆಟ್ರಿಸ್ಟ್, ಬೈಕೂ ಓಡಿಸುತ್ತೀರಿ. ಅದಕ್ಕೇ ನಿಮ್ಮಲ್ಲಿ ಕೇಳಿದ್ದು.

ಉತ್ತರ: ನಿಮ್ಮ ರಸ್ತೆಯೇ ಹಾಗೆ ಉಂಟು ಮಾರಾಯ್ರೆ. ಉಡುಪಿಯಿಂದ ಆಗುಂಬೆ ಪೂರ್ವಕ್ಕೆ. ಬೆಳಿಗ್ಗೆ ಹತ್ತುವಾಗ ಸೂರ್ಯ ಎದುರಿಗೆ, ಸಂಜೆ ಇಳಿಯುವಾಗಲೂ ಎದುರಿಗೆ. ಮಂಗಳೂರಿನಿಂದ ಶಿರಾಡಿ, ಚಾರ್ಮಾಡಿಗೆ ಹೋಗುವವರದ್ದೂ ಇದೇ ಕಥೆ. ಹೆದ್ದಾರಿ 66ರಲ್ಲಿ ಕುಂದಾಪುರ, ಭಟ್ಕಳ ಕಡೆ ಓಡಾಡುವವರಿಗೆ ಬಿಸಿಲು ಹೆಚ್ಚಾಗಿ ಬದಿಯಿಂದ ಬರುತ್ತದೆ.

ಸ್ಮೋಕ್ ವೈಸರ್ ಒಂದನ್ನೇ ನಂಬಿ ಹೊರಡಬೇಡಿ. ಹೆಬ್ರಿ ದಾಟಿದ ಕೂಡಲೇ ಸೋಮೇಶ್ವರದ ಕಾಡು. ಅಲ್ಲಿ ಒಂದು ತುಂಡು ಬಿಸಿಲು, ಒಂದು ತುಂಡು ನೆರಳು. ಕಣ್ಣು ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ, ಕತ್ತಲೆಗೆ ನಿಧಾನ. ಕಪ್ಪು ವೈಸರ್ ಹಾಕಿಕೊಂಡು ನೆರಳಿಗೆ ನುಗ್ಗಿದರೆ ರಸ್ತೆಯ ಹೊಂಡ, ಅಡ್ಡ ಬಂದ ದನ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಘಾಟಿಯ 14 ತಿರುವುಗಳಲ್ಲಿ ಕೇಳುವುದೇ ಬೇಡ. ವಾಪಸ್ ಬರುವಾಗ ಕತ್ತಲಾದರೆ ವೈಸರ್ ಎತ್ತಿ ಓಡಿಸಬೇಕು, ಆಗ ಕಣ್ಣಿಗೆ ಹುಳ ಬೀಳುತ್ತದೆ. ಯುರೋಪಿನ ನಿಯಮದಲ್ಲಿ 80%ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ಮೇಲೆ ‘ಹಗಲಿಗೆ ಮಾತ್ರ’ ಎಂಬ ಗುರುತು ಇರಲೇಬೇಕು. ಅದು ಸುಮ್ನೆ ಅಲ್ಲ.

ಆದ್ದರಿಂದ ಹೊರಗೆ ಕ್ಲಿಯರ್ ವೈಸರ್, ಒಳಗೆ ಎಡಗೈಯಿಂದ ಥಟ್ಟನೆ ಎತ್ತಿ ಇಳಿಸಬಹುದಾದ ಸನ್ ವೈಸರ್. ನೆರಳು ಬಂದ ಕೂಡಲೇ ತೆಗೆಯಲು ಆಗಬೇಕು, ಅಷ್ಟೇ ಮುಖ್ಯ. ಅಂಗಡಿಯಲ್ಲಿ ನಿಮ್ಮ ಕನ್ನಡಕ ಹಾಕಿಕೊಂಡೇ ಅದನ್ನು ಇಳಿಸಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಅದು ಮೂಗಿಗೋ ಫ್ರೇಮ್‌ಗೋ ತಾಗುತ್ತದೆ. ಕೆಲವದರಲ್ಲಿ ಗಿಡ್ಡವಾಗಿ, ಕೆಳಗೆ ಬೆಳಕಿನ ಪಟ್ಟಿ ಉಳಿಯುತ್ತದೆ. ಅದು ಬಹಳ ಕಿರಿಕಿರಿ. ಕನ್ನಡಕದ ಕಡ್ಡಿ ತೆಳ್ಳಗೆ, ನೇರವಾಗಿ ಇದ್ದರೆ ಹೆಲ್ಮೆಟ್ ಒಳಗೆ ಸುಲಭವಾಗಿ ಹೋಗುತ್ತದೆ.

ಸನ್ ವೈಸರ್ ಇಳಿಸಿ, ಒಳಗೆ ಕೂಲಿಂಗ್ ಗ್ಲಾಸ್ ಕೂಡ ಹಾಕುವವರಿದ್ದಾರೆ. ಲೆಕ್ಕ ಹಾಕಿ: 50% ಬೆಳಕು ಬಿಡುವ ವೈಸರ್ ಹಿಂದೆ 15% ಬಿಡುವ ಗ್ಲಾಸ್ ಇದ್ದರೆ ಕಣ್ಣಿಗೆ ಸಿಗುವುದು 7.5%. ಕನ್ನಡಕದ ಲೆಕ್ಕದಲ್ಲಿ 8%ಕ್ಕಿಂತ ಕಡಿಮೆ ಅಂದರೆ 4ನೇ ಕೆಟಗರಿ, ಹಿಮಪರ್ವತಕ್ಕೆ ಸರಿ, ಗಾಡಿ ಓಡಿಸಲು ಅಲ್ಲ. ಎರಡರಲ್ಲಿ ಒಂದು ಸಾಕು.

ಖರ್ಚಿಲ್ಲದ ಉಪಾಯವೂ ಉಂಟು. ವೈಸರಿನ ಮೇಲಂಚಿಗೆ, ಒಳಗಿನಿಂದ ಅಲ್ಲ ಹೊರಗಿನಿಂದ, ಎರಡು ಬೆರಳು ಅಗಲದ ಕಪ್ಪು ಟೇಪ್ ಹಚ್ಚಿ. ಸಾಧಾರಣ ಕೂತಾಗ ಅದು ದಾರಿಗೆ ಅಡ್ಡ ಬರಬಾರದು. ಸೂರ್ಯ ಎದುರಿಗೆ ಬಂದಾಗ ಗಲ್ಲ ಸ್ವಲ್ಪ ತಗ್ಗಿಸಿದರೆ ಸೂರ್ಯ ಟೇಪ್ ಹಿಂದೆ ಹೋಗುತ್ತಾನೆ, ರಸ್ತೆ ಕಾಣುತ್ತಿರುತ್ತದೆ. ಅಡ್ವೆಂಚರ್ ಹೆಲ್ಮೆಟ್‌ನಲ್ಲಿ ಹಣೆಯ ಮುಂದೆ ಚಾಚಿಕೊಂಡಿರುವ ಟೋಪಿಯಂಚಿನಂಥ ಭಾಗ ಮಾಡುವುದೂ ಇದೇ ಕೆಲಸ. ಆದರೆ ಹೆದ್ದಾರಿಯ ವೇಗದಲ್ಲಿ ಅದಕ್ಕೆ ಗಾಳಿ ಹಿಡಿದು ಕುತ್ತಿಗೆ ನೋಯುತ್ತದೆ.

ಇನ್ನು ಹೆಲ್ಮೆಟ್. ಐಎಸ್‌ಐ ಗುರುತು ಬೇಕೇ ಬೇಕು, 2021ರ ಜೂನ್ 1ರಿಂದ ಅದಿಲ್ಲದ್ದನ್ನು ಮಾರುವಂತೆಯೇ ಇಲ್ಲ. ಜೊತೆಗೆ ಯುರೋಪಿನ ಹೆಲ್ಮೆಟ್ ಮಾನದಂಡವಾದ ಇಸಿಇ 22.06ರ ಗುರುತೂ ಇದ್ದರೆ ಇನ್ನೂ ಒಳ್ಳೆಯದು. ಓರೆಯಾಗಿ ಬಿದ್ದಾಗ ತಲೆ ತಿರುಗುವ ಪೆಟ್ಟನ್ನೂ ಅದರಲ್ಲಿ ಪರೀಕ್ಷಿಸುತ್ತಾರೆ. ಹುಬ್ಬಿನ ಸ್ವಲ್ಪ ಮೇಲೆ ಅಳತೆ ಟೇಪಿನಿಂದ ತಲೆಯ ಸುತ್ತಳತೆ ತೆಗೆದು ಸೈಜ್ ನೋಡಿ. ಹಾಕಿಕೊಂಡು ಕಾಲು ಗಂಟೆ ಅಂಗಡಿಯಲ್ಲೇ ಕೂತಿರಿ. ಕೆನ್ನೆ ಒತ್ತಿದರೆ ಪರವಾಗಿಲ್ಲ, ಪ್ಯಾಡ್ ಸಡಿಲವಾಗುತ್ತದೆ. ಹಣೆಯ ಒಂದೇ ಜಾಗ ನೋಯುತ್ತಿದ್ದರೆ ಆ ಹೆಲ್ಮೆಟ್ ನಿಮ್ಮ ತಲೆಯದ್ದಲ್ಲ. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ವಾಪಸ್ ಕೊಡಿ.

ಸಂಜೆ ಮುಳುಗುವ ಮುಂಚಿನ ಒಂದು ಗಂಟೆ ಮಾತ್ರ ಯಾವ ಹೆಲ್ಮೆಟೂ ಪೂರ್ತಿ ಕಾಪಾಡುವುದಿಲ್ಲ. ಆಗ ಸೋಮೇಶ್ವರದಲ್ಲೋ ಹೆಬ್ರಿಯಲ್ಲೋ ನಿಲ್ಲಿಸಿ ಚಹಾ, ಬನ್ಸ್. ನಾನಂತೂ ಹಾಗೇ ಮಾಡುತ್ತೇನೆ.

ಪ್ರಶ್ನೆ (ಸುರತ್ಕಲ್‌ನಿಂದ): ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸ್ ಹಾಕಿಸಿದೆ. ಹೊರಗೆ ನಿಂತರೆ ಕಪ್ಪಾಗುತ್ತದೆ, ಹೆಲ್ಮೆಟ್ ಒಳಗೆ ಆಗುವುದೇ ಇಲ್ಲ. ಮೋಸ ಹೋದೆನಾ?

ಉತ್ತರ: ಇಲ್ಲ, ಲೆನ್ಸ್ ಸರಿ ಉಂಟು. ಅದು ಕಪ್ಪಾಗುವುದು ಅತಿನೇರಳೆ ಕಿರಣಕ್ಕೆ. ವೈಸರಿನ ಪಾಲಿಕಾರ್ಬೊನೇಟ್ ಆ ಕಿರಣವನ್ನು ಹೊರಗೇ ತಡೆಯುತ್ತದೆ. ಕಣ್ಣಿಗೆ ಒಳ್ಳೆಯದೇ ಆಯಿತು, ಆದರೆ ಬೈಕಿಗೆ ಆ ಲೆನ್ಸ್ ಉಪಯೋಗವಿಲ್ಲ.

ಪ್ರಶ್ನೆ (ಕುಂದಾಪುರದಿಂದ): ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಎರಡೂ ಕಡೆಯಿಂದ ಮಿಂಚುತ್ತದೆ. ಪೋಲರೈಸ್ಡ್ ಗ್ಲಾಸ್ ಆಗಬಹುದಾ?

ಉತ್ತರ: ನೀರಿನಿಂದ ತಿರುಗಿ ಬರುವ ಹೊಳಪಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ನೇರ ಸೂರ್ಯನಿಗೆ ಮಾತ್ರ ಮಾಮೂಲಿ ಕಪ್ಪು ಗ್ಲಾಸಿನಷ್ಟೇ. ವೈಸರ್ ಮೂಲಕ ನೋಡಿದಾಗ ಕಾಮನಬಿಲ್ಲಿನಂಥ ಬಣ್ಣದ ಪಟ್ಟೆ ಕಾಣಬಹುದು, ಮ್ಯಾಪ್ ಹಾಕಿದ ಮೊಬೈಲ್ ಪರದೆ ಕಪ್ಪಾಗಿ ಕಾಣಬಹುದು. ಮಳೆಗಾಲದಲ್ಲಿ ಬೇಡ. ರಸ್ತೆಯಲ್ಲಿ ನೀರು, ಎಣ್ಣೆ ಚೆಲ್ಲಿದ್ದು ಗೊತ್ತಾಗುವುದೇ ಹೊಳಪಿನಿಂದ ಅಲ್ವಾ?

ಪ್ರಶ್ನೆ (ಕಾಪುವಿನಿಂದ): ಅಪ್ಪನಿಗೆ 63. ಸ್ಕೂಟರಲ್ಲಿ ಎದುರು ಬಿಸಿಲು ಬಂದರೆ ಎಲ್ಲ ಬಿಳಿ ಪರದೆ ಹಾಗೆ ಕಾಣುತ್ತದಂತೆ. ಅವರಿಗೆ ಯಾವ ಹೆಲ್ಮೆಟ್?

ಉತ್ತರ: ಮೊದಲು ಈಗಿನ ವೈಸರನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಗೀರು ತುಂಬಿದ್ದರೆ ಬೆಳಕು ಅದರಲ್ಲೇ ಚದುರುತ್ತದೆ. ಕಡಲ ಬದಿಯ ಉಪ್ಪು, ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಹೀಗಾಗುತ್ತದೆ. ಸೋಪಿನ ನೀರಲ್ಲಿ ನೆನೆಸಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಬೇಕು. ಪೆಟ್ರೋಲ್ ತಾಗಿಸಲೇಬಾರದು.

ಹೊಸ ವೈಸರ್ ಹಾಕಿದ ಮೇಲೂ ಹಾಗೇ ಕಂಡರೆ ಪೊರೆ ಬಂದಿರುವ ಸಂಭವ ಜಾಸ್ತಿ. ಹೆಲ್ಮೆಟ್ ಆಮೇಲೆ ನೋಡೋಣ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ. ಅಲ್ಲಿಯವರೆಗೆ ಬೆಳಿಗ್ಗೆ ಬೇಗ, ಸಂಜೆ ಹೊತ್ತು ಸ್ಕೂಟರ್ ಕೊಡಬೇಡಿ. ಪರೀಕ್ಷೆಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಆದ್ದರಿಂದ ಆ ದಿನ ನೀವೇ ಕರೆದುಕೊಂಡು ಹೋಗಿ.