ಸ್ಟಾರ್ ಆಂಟಿಬಾಡಿ: 37ರಲ್ಲಿ ದಪ್ಪ ಬ್ಯಾಂಡ್, 30ರಲ್ಲಿ ಬರೀ ನೆರಳು

ಪ್ರಶ್ನೆ
ನಮಸ್ಕಾರ. ಎಂಎ-10 ಲೇಡಿಗ್ ಕೋಶಗಳಲ್ಲಿ (ಇಲಿಯ ವೃಷಣದ, ಹಾರ್ಮೋನು ತಯಾರಿಸುವ ಕೋಶಗಳು) ಸ್ಟಾರ್ ಪ್ರೋಟೀನಿನ (ಹಾರ್ಮೋನು ತಯಾರಿಗೆ ಕೊಲೆಸ್ಟರಾಲನ್ನು ಮೈಟೊಕಾಂಡ್ರಿಯಾದೊಳಗೆ ಸಾಗಿಸುವುದು) ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ತೂಕದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡುತ್ತಿದ್ದೇನೆ. ಕೋಶಗಳನ್ನು ಪ್ರಚೋದಿಸುವ ಔಷಧ: 1 ಮಿಲಿಮೋಲಾರ್ ಡೈಬ್ಯುಟೈರಿಲ್ ಸೈಕ್ಲಿಕ್ ಎಎಂಪಿ, 6 ಗಂಟೆ. ಮೀಡಿಯಂನಲ್ಲಿ ಪ್ರೊಜೆಸ್ಟರಾನ್ ಚೆನ್ನಾಗಿ ಏರಿದೆ. ಕೋಶಗಳನ್ನು ಡಿಜಿಟೋನಿನ್ ಬಫರಿನಲ್ಲಿ (ಮಿಲಿಲೀಟರಿಗೆ 200 ಮೈಕ್ರೋಗ್ರಾಂ) ಒಡೆದು, 12,000 ಜಿಯಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ತಿಳಿ ತೆಗೆದುಕೊಂಡೆ. ಲೇನಿಗೆ 25 ಮೈಕ್ರೋಗ್ರಾಂ, 12% ಜೆಲ್, ಪಿವಿಡಿಎಫ್ ಮೆಂಬ್ರೇನ್. ಲೇನುಗಳಲ್ಲಿ ಪ್ರೋಟೀನ್ ಸಮ ಇದೆಯೇ ಎಂದು ನೋಡುವ ಕಂಟ್ರೋಲ್ ಆಗಿ ಮೊದಲು ಮೊಲದ ಜಿಎಪಿಡಿಎಚ್ ಆಂಟಿಬಾಡಿ ಹಾಕಿ ಚಿತ್ರ ತೆಗೆದೆ. ಆಮೇಲೆ ಗ್ಲೈಸಿನ್ ಬಫರಿನಲ್ಲಿ 10 ನಿಮಿಷ ಸ್ಟ್ರಿಪ್ ಮಾಡಿ (ಹಳೆಯ ಆಂಟಿಬಾಡಿ ಬಿಡಿಸಿ) ಮೊಲದ ಸ್ಟಾರ್ ಪಾಲಿಕ್ಲೋನಲ್ 1:1000 ಹಾಕಿದೆ. ಔಷಧ ಹಾಕಿದ ಲೇನು, ಹಾಕದ ಲೇನು ಎರಡರಲ್ಲೂ 37 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಒಂದೇ ದಪ್ಪದ ಬ್ಯಾಂಡ್. 30ರಲ್ಲಿ ಬರೀ ನೆರಳು. ಆಂಟಿಬಾಡಿ ಕೆಟ್ಟಿದೆಯೇ? ಬೇರೆಯದು ತರಿಸಲೇ?

ಉತ್ತರ 1
ಈಗಲೇ ತರಿಸಬೇಡಿ. ನಿಮ್ಮ 37 ಬ್ಯಾಂಡ್ ಬಹುಮಟ್ಟಿಗೆ ಸ್ಟಾರ್ ಅಲ್ಲ, ಉಳಿದುಕೊಂಡ ಜಿಎಪಿಡಿಎಚ್. ಅದರ ತೂಕವೂ 36-37. ಎರಡೂ ಪ್ರೈಮರಿ (ಪ್ರೋಟೀನಿಗೆ ಅಂಟುವ ಮೊದಲ ಆಂಟಿಬಾಡಿ) ಮೊಲದವೇ ಆದ್ದರಿಂದ, ಸ್ಟ್ರಿಪ್ಪಿಂಗ್‌ನಲ್ಲಿ ಬಿಡದ ಹಳೆಯ ಪ್ರೈಮರಿಯನ್ನು ಸೆಕೆಂಡರಿ (ಪ್ರೈಮರಿಯನ್ನು ಹಿಡಿದು ಸಿಗ್ನಲ್ ಕೊಡುವ ಎರಡನೆಯ ಆಂಟಿಬಾಡಿ) ಮತ್ತೆ ಹಿಡಿಯುತ್ತದೆ. ಗ್ಲೈಸಿನ್‌ನ 10 ನಿಮಿಷ ಗಟ್ಟಿ ಸಿಗ್ನಲ್‌ಗೆ ಸಾಲದು.

ಇನ್ನೊಂದು ಸುಳಿವು: ಸ್ಟಾರ್ 37ರ ರೂಪದಲ್ಲಿ ಹುಟ್ಟಿ, ಮೈಟೊಕಾಂಡ್ರಿಯಾದೊಳಗೆ ಹೋಗುವಾಗ ಮುಂಭಾಗದ ತುಂಡು ಕತ್ತರಿಸಿಹೋಗಿ 30 ಆಗುತ್ತದೆ. 37ರ ರೂಪ ಅಲ್ಪಾಯುಷಿ. ಪ್ರಚೋದಿಸಿದ ಕೋಶದಲ್ಲಿ 30 ಬ್ಯಾಂಡೇ ಎದ್ದು ಕಾಣಬೇಕು, 37 ತೆಳ್ಳಗಿರಬೇಕು. ನಿಮ್ಮಲ್ಲಿ ಉಲ್ಟಾ ಆಗಿದೆ, ಔಷಧಕ್ಕೆ ಬದಲಾವಣೆಯೂ ಇಲ್ಲ.

ಖಚಿತಪಡಿಸಿಕೊಳ್ಳಲು ಸ್ಟ್ರಿಪ್ ಆದ ಮೆಂಬ್ರೇನ್‌ಗೆ ಪ್ರೈಮರಿ ಇಲ್ಲದೆ ಸೆಕೆಂಡರಿ ಮಾತ್ರ ಹಾಕಿ, ಇಸಿಎಲ್ (ಬೆಳಕು ಹುಟ್ಟಿಸುವ ದ್ರಾವಣ) ಸುರಿದು ನೋಡಿ. 37 ಬೆಳಗಿದರೆ ಉತ್ತರ ಸಿಕ್ಕಂತೆಯೇ. ಮುಂದೆ ಸ್ಟಾರ್ ಬ್ಲಾಟಿಗೆ ಜಿಎಪಿಡಿಎಚ್ ಕಂಟ್ರೋಲ್ ಬೇಡವೇ ಬೇಡ. ಮೈಟೊಕಾಂಡ್ರಿಯಾದ ವಿಡಿಎಸಿ ಪ್ರೋಟೀನ್ ಕೂಡ ಬೇಡ, ಅದು 32ರ ಹತ್ತಿರ ಕೂತು 30ಕ್ಕೆ ಅಡ್ಡ ಬರುತ್ತದೆ. ವಿನ್ಕ್ಯುಲಿನ್ ಪ್ರೋಟೀನ್ ಒಳ್ಳೆಯದು, 120ರ ಆಸುಪಾಸು. ಮೆಂಬ್ರೇನ್ ಅನ್ನು ಲ್ಯಾಡರಿನ (ತೂಕ ಗೊತ್ತಿರುವ ಗುರುತು ಪ್ರೋಟೀನುಗಳ) 55ರ ಗೆರೆಯಲ್ಲಿ ಬ್ಲೇಡಿನಿಂದ ಅಡ್ಡ ಕತ್ತರಿಸಿ, ಮೇಲಿನ ತುಂಡಿಗೆ ವಿನ್ಕ್ಯುಲಿನ್, ಕೆಳಗಿನದಕ್ಕೆ ಸ್ಟಾರ್. ಸ್ಟ್ರಿಪ್ಪಿಂಗೇ ಬೇಕಾಗುವುದಿಲ್ಲ.

ಉತ್ತರ 2
37ರ ವಿಷಯ ಮೇಲೆ ಹೇಳಿದ್ದು ಸರಿ. ಆದರೆ 30 ಯಾಕೆ ಇಲ್ಲ ಅನ್ನುವುದಕ್ಕೆ ಕಾರಣ ನೀವು ಕೋಶ ಒಡೆದ ರೀತಿಯಲ್ಲೇ ಇದೆ. ಆ ಪ್ರಮಾಣದ ಡಿಜಿಟೋನಿನ್ ಕೋಶದ ಹೊರಪೊರೆಯನ್ನು ತೂತು ಮಾಡುತ್ತದೆ, ಮೈಟೊಕಾಂಡ್ರಿಯಾವನ್ನು ಬಹುತೇಕ ಇಡಿಯಾಗಿಯೇ ಬಿಡುತ್ತದೆ. 12,000 ಜಿಯಲ್ಲಿ ಅವು ತಳಕ್ಕೆ ಇಳಿದಿವೆ. 30ರ ಸ್ಟಾರ್ ಅವುಗಳ ಒಳಗಿದೆ, ನೀವು ಬದಿಗಿಟ್ಟ ಗಸಿಯಲ್ಲಿ. ಜಿಎಪಿಡಿಎಚ್ ಸೈಟೊಸಾಲಿನದು (ಕೋಶದೊಳಗಿನ ದ್ರವದ್ದು), ಅದಕ್ಕೇ ಅದು ಅಷ್ಟು ದಪ್ಪ.

ಗಸಿ ಇನ್ನೂ ಫ್ರೀಜರಿನಲ್ಲಿದ್ದರೆ, ರಿಪಾ ಬಫರಿನಲ್ಲಿ (50 ಮಿಲಿಮೋಲಾರ್ ಟ್ರಿಸ್, 150 ಮಿಲಿಮೋಲಾರ್ ಉಪ್ಪು, 1% ಎನ್‌ಪಿ-40, 0.5% ಡಿಆಕ್ಸಿಕೋಲೇಟ್, 0.1% ಎಸ್‌ಡಿಎಸ್, ಪ್ರೋಟಿಯೇಸ್ ತಡೆಗಳು) ಕರಗಿಸಿ, ಐಸಿನಲ್ಲಿ 20 ನಿಮಿಷ ಇಟ್ಟು ಓಡಿಸಿ. ತಿಳಿ ಮತ್ತು ಗಸಿ ಪಕ್ಕಪಕ್ಕ ಹಾಕುವಾಗ ಮೈಕ್ರೋಗ್ರಾಂ ಸಮ ಮಾಡಬೇಡಿ, ಅಷ್ಟೇ ಕೋಶಗಳಿಂದ ಬಂದ ಪಾಲು ಹಾಕಿ. ಇಲ್ಲವಾದರೆ ಹೋಲಿಕೆ ದಾರಿ ತಪ್ಪಿಸುತ್ತದೆ.

ಪ್ರಶ್ನೆ ಕೇಳಿದವರು
ಗಸಿ ಇತ್ತು! ಸೆಕೆಂಡರಿ ಮಾತ್ರ ಹಾಕಿದಾಗ 37 ಬೆಳಗಿತು. ಗಸಿಯನ್ನು ರಿಪಾದಲ್ಲಿ ಕರಗಿಸಿ ಹೊಸ ಜೆಲ್ ಓಡಿಸಿದೆ. ಔಷಧ ಹಾಕಿದ ಲೇನಿನಲ್ಲಿ 30ರಲ್ಲಿ ಗಟ್ಟಿ ಬ್ಯಾಂಡ್, ಹಾಕದ್ದರಲ್ಲಿ ಕೂದಲೆಳೆಯಷ್ಟು ಮಾತ್ರ. ಆದರೆ 30ರ ಮೇಲೆ, ಅಂಟಿಕೊಂಡಂತೆ ಇನ್ನೊಂದು ತೆಳು ಗೆರೆ ಇದೆ. ಇದೇನು?

ಉತ್ತರ 2
32ರಲ್ಲಿರಬೇಕು. ಕತ್ತರಿಸುವ ಹಾದಿಯ ನಡುವಿನ ರೂಪ, ಸ್ಟಾರ್‌ನಲ್ಲಿ ಕಾಣಸಿಗುವಂಥದ್ದೇ. ನಂಬುವ ಮೊದಲು ಸ್ಟಾರ್‌ನ ಎಸ್‌ಐ-ಆರ್‌ಎನ್‌ಎ (ಆ ಪ್ರೋಟೀನಿನ ತಯಾರಿ ತಗ್ಗಿಸುವ ಚಿಕ್ಕ ಆರ್‌ಎನ್‌ಎ) ಹಾಕಿ ನೋಡಿ: 30 ಮತ್ತು 32 ಎರಡೂ ಒಟ್ಟಿಗೆ ಇಳಿದರೆ ಎರಡೂ ಸ್ಟಾರೇ. ಒಂದೇ ಇಳಿದರೆ ಇನ್ನೊಂದು ಬೇರೆ ಏನೋ. ಪಾಸಿಟಿವ್ ಕಂಟ್ರೋಲ್ ಆಗಿ (ಸ್ಟಾರ್ ಖಚಿತವಾಗಿ ಇರುವುದು) ಮೌಸ್ ಅಡ್ರಿನಲ್ ಲೈಸೇಟ್ 5-10 ಮೈಕ್ರೋಗ್ರಾಂ, ನೆಗೆಟಿವ್ ಆಗಿ (ಸ್ಟಾರ್ ಇಲ್ಲದ್ದು) ಏನೂ ಟ್ರಾನ್ಸ್‌ಫೆಕ್ಟ್ ಮಾಡದ, ಅಂದರೆ ಹೊರಗಿನ ಜೀನ್ ಸೇರಿಸದ ಕಾಸ್-1 ಕೋಶ ಇಟ್ಟುಕೊಳ್ಳಿ.

ಉತ್ತರ 1
ಮುಂದೆ ಯಾವ ಆಂಟಿಬಾಡಿ ಕೊಂಡರೂ, ಅದನ್ನು ಯಾವ ತುಂಡಿನ ವಿರುದ್ಧ ಬೆಳೆಸಿದ್ದಾರೆ ಎಂದು ಮೊದಲು ಓದಿ. ಮಾನವ ಸ್ಟಾರ್‌ನಲ್ಲಿ 285 ಅಮೈನೊ ಆಮ್ಲಗಳಿವೆ. ಮೊದಲ 62ರಲ್ಲಿ ಬರುವ ಪೆಪ್ಟೈಡಿನ ವಿರುದ್ಧ ತಯಾರಿಸಿದ್ದಾದರೆ 30ರ ರೂಪ ಅದಕ್ಕೆ ಕಾಣುವುದೇ ಇಲ್ಲ, ಆ ಭಾಗ ಆಗಲೇ ಕತ್ತರಿಸಿಹೋಗಿರುತ್ತದೆ. ಮೌಸ್ ಅಂಗಾಂಶಕ್ಕೆ ಮೌಸ್ ಮಾನೊಕ್ಲೋನಲ್ ಬಳಸಿದರೆ ಅಂಗಾಂಶದ ರಕ್ತದ ಐಜಿಜಿ ಆಂಟಿಬಾಡಿಯೂ ಸೆಕೆಂಡರಿಗೆ ಸಿಕ್ಕಿ 50 ಮತ್ತು 25ರಲ್ಲಿ ಬೆಳಗುತ್ತದೆ. 25 ನಿಮ್ಮ 30ಕ್ಕೆ ತೀರ ಹತ್ತಿರ. ಸೆರಿನ್ 194ರ ಫಾಸ್ಫೋ ಆಂಟಿಬಾಡಿಗೆ (ಆ ಜಾಗದಲ್ಲಿ ಫಾಸ್ಫೇಟ್ ಸೇರಿದ ಸ್ಟಾರ್ ಹಿಡಿಯುವುದು) ಹೋಗುವುದಾದರೆ ಬ್ಲಾಕಿಂಗ್‌ಗೆ (ಮೆಂಬ್ರೇನಿನ ಖಾಲಿ ಜಾಗ ಮುಚ್ಚಲು) ಹಾಲಿನ ಪುಡಿ ಬಿಟ್ಟು 5% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಹಿಡಿಯಿರಿ, ಹಾಲಿನ ಕೇಸಿನ್ ತಾನೇ ಫಾಸ್ಫೋಪ್ರೋಟೀನ್. ಪ್ರೈಮರಿ ದ್ರಾವಣವನ್ನು ಅಜೈಡ್ (ಕೆಡದಂತೆ ಇಡುವ ರಾಸಾಯನಿಕ) ಹಾಕಿ ಮರುಬಳಸಬಹುದು, ಸೆಕೆಂಡರಿಗೆ ಮಾತ್ರ ಹಾಕಬೇಡಿ, ಅದಕ್ಕೆ ಜೋಡಿಸಿದ ಎಚ್‌ಆರ್‌ಪಿ ಕಿಣ್ವ ಸತ್ತುಹೋಗುತ್ತದೆ.