ಪದಚರ್ಚೆ: ಯುವಿ, ಪೆರಾಕ್ಸೈಡ್ ಹಾಕಿದ ನೀರಿಗೆ ಬೋರ್ಡಲ್ಲಿ ಏನು ಬರೆಸಲಿ? (ತುರ್ತು)

ಮೂಡಿಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ನಾನು ಇಲ್ಲೊಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಬೋರ್ಡ್ ಬರೆಸಬೇಕು, ಪೇಂಟರ್ ಗುರುವಾರ ಬರುತ್ತಾನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಿಂದ ಬರುವ ನೀರಿಗೆ ಸುಣ್ಣ ಹಾಕಿ ಹುಳಿ ಮುರಿಯುತ್ತೇವೆ. ಆಮೇಲೆ ಗಾಳಿ ಊದಿ, ಮರಳಲ್ಲಿ ಸೋಸುತ್ತೇವೆ. ಈ ಸಲ ಕೊನೆಗೊಂದು ಹೊಸ ಪೆಟ್ಟಿಗೆ ಕೂರಿಸಿದ್ದಾರೆ. ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಯುವಿ (ನೇರಳಾತೀತ) ದೀಪದ ಮುಂದೆ ಹರಿಸುತ್ತದೆ. ಉಳಿದ ಕಂದು ಬಣ್ಣ ಇಳಿಯುತ್ತದೆ. ಜೊತೆಗೆ ಬಂದ ಚೀಟಿಯಲ್ಲಿ "ನೇರಳಾತೀತ ಉತ್ಕರ್ಷಣ ಕಲುಷಿತ ಜಲ ಶುದ್ಧೀಕರಣ ಘಟಕ" ಎಂದಿದೆ. ಲೈನ್ ಮನೆಯ ಕೆಲಸದವರಿಗೆ ಓದಿ ಹೇಳಿದೆ. ಒಬ್ಬರು "ದೇವಸ್ಥಾನದ್ದಾ ಅಣ್ಣ?" ಅಂದರು. ಸುಲಭವಾದ ಮಾತು ಹೇಳಿ.

ಹಾಸನದಿಂದ:
"ನೇರಳಾತೀತ" ಪದವೇ ತಪ್ಪು. ನೇರಳೆ ಕನ್ನಡ, ಅತೀತ ಸಂಸ್ಕೃತ. ಅರಿಸಮಾಸ. ಸಂಧಿಯೂ ಕೆಟ್ಟಿದೆ. ನೇರಳೆಯ ಕೊನೆಗಿರುವುದು ಎಕಾರ, ಅದರ ಮುಂದೆ ಅಕಾರ ಬಂದರೆ "ಳಾ" ಎಲ್ಲಿಂದ ಹುಟ್ಟಿತು? ಕೇಶಿರಾಜ ಶಬ್ದಮಣಿದರ್ಪಣ ಬರೆದು 700 ವರ್ಷ ದಾಟಿತು, ಪಠ್ಯಪುಸ್ತಕ ಬರೆಯುವವರಿಗೆ ಇನ್ನೂ ತಲುಪಿಲ್ಲ. "ಅತಿನೇರಳೆ" ಅನ್ನಬೇಡಿ, ಅದೂ ಅದೇ ರೋಗ. "ನೇರಳೆಯಾಚೆ ಬೆಳಕು" ಎಂದು ಬರೆಸಿ.

ಚಿಕ್ಕಮಗಳೂರಿನಿಂದ:
ಮೇಷ್ಟ್ರೇ, ಮಂಗಳಾರತಿಯೂ ಅರಿಸಮಾಸವೇ. ದಿನಾ ಎತ್ತುವಾಗ ಕಾಣಲ್ವಾ? ಸಂಧಿ ವಿಷಯದಲ್ಲಿ ನೀವು ಹೇಳಿದ್ದು ಸರಿ, ಒಪ್ಪಿದೆ. ಆದರೆ ಶಾಲೆ ಮಕ್ಕಳ ಬಾಯಲ್ಲಿ ಕೂತ ಪದವನ್ನು ಈಗ ಕಿತ್ತು ಏನು ಮಾಡುತ್ತೀರಿ? "ಅತಿನೇರಳೆ" ಬೇಡ ಅನ್ನುವುದಕ್ಕೆ ನನ್ನ ಕಾರಣ ಬೇರೆ. ಅದನ್ನು ಕೇಳಿದರೆ ತುಂಬಾ ನೇರಳೆ ಅನ್ನಿಸುತ್ತದೆ. ಈ ದೀಪಗಳ ಬೆಳಕು ಹೆಚ್ಚಾಗಿ 254 ನ್ಯಾನೋಮೀಟರ್ ತರಂಗಾಂತರದ್ದು, ಕಣ್ಣಿಗೆ ಕಾಣುವುದೇ ಇಲ್ಲ. ಉರಿಯುವಾಗ ಕಾಣುವ ನೀಲಿ, ದೀಪದೊಳಗಿನ ಪಾದರಸದ್ದೇ ಇನ್ನೊಂದು ಬೆಳಕು.

ಅರಸೀಕೆರೆಯಿಂದ:
ಇಷ್ಟೆಲ್ಲ ಯಾಕೆ? ನಮ್ಮಲ್ಲಿ "ತಿಳಿ" ಇದೆ. ತಿಳಿನೀರು, ತಿಳಿಸಾರು, ತಿಳಿಗೊಳ. ತಮಿಳಿನ ತೆಳಿ, ತೆಲುಗಿನ ತೆಲಿಯು ಎಲ್ಲ ಇದರ ನೆಂಟರು. ಕದಡಿದ್ದು ಕೆಳಗೆ ಕೂತರೆ ನೀರು ತಿಳಿ, ಮನಸ್ಸಲ್ಲಿ ಕದಡಿದ್ದು ಕೂತರೆ ತಿಳಿವು. ಎಂಥಾ ಪದ! ಹಿಂದೆ ಚಿಲ್ಲದ ಬೀಜ ತೇಯ್ದು ನೀರು ತಿಳಿ ಮಾಡುತ್ತಿದ್ದರು. "ನೀರು ತಿಳಿಗೊಳಿಸುವ ಪೆಟ್ಟಿಗೆ" ಸಾಕು.

ಬೇಲೂರಿನಿಂದ:
ಸಾಕಾಗಲ್ಲ. ನಾನು ರಸಾಯನಶಾಸ್ತ್ರ ಪಾಠ ಮಾಡುವವಳು. ತಿಳಿ ಮಾಡುವುದು ಮರಳಿನ ಕೆಲಸ, ಈ ಪೆಟ್ಟಿಗೆಯದಲ್ಲ. ನೀರು ಮೊದಲೇ ತಿಳಿಯಾಗಿರಬೇಕು, ಬಗ್ಗಡ ಇದ್ದರೆ ಬೆಳಕು ಒಳಗೆ ಇಳಿಯುವುದೇ ಇಲ್ಲ. ಯುವಿ ಒಂದೇ ಇದ್ದರೆ ರೋಗಾಣುವಿನ ಡಿಎನ್‌ಎ ಕೆಡಿಸುತ್ತದೆ, ಅದು ಮತ್ತೆ ಹೆಚ್ಚದಂತೆ ಮಾಡುತ್ತದೆ. ಕರಗಿದ ಬಣ್ಣ ಅಷ್ಟಕ್ಕೆ ಜಗ್ಗಲ್ಲ. ಪೆರಾಕ್ಸೈಡ್ ಇದ್ದರೆ ಬೆಳಕು ಅದರ ಒಂದೊಂದು ಅಣುವನ್ನೂ ಒಡೆದು ಎರಡೆರಡು ಚುರುಕು ತುಣುಕು, ಅಂದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಮಾಡುತ್ತದೆ. ಅವುಗಳ ಆಯಸ್ಸು ಕಣ್ಣು ಮಿಟುಕಿಸುವಷ್ಟೂ ಇಲ್ಲ, ಆದರೆ ಸಿಕ್ಕ ಸಾವಯವ ಕೊಳೆಯನ್ನೆಲ್ಲ ಕಚ್ಚಿ ಮುರಿಯುತ್ತವೆ. ಇದನ್ನೇ "ಉತ್ಕರ್ಷಣ" ಅನ್ನುವುದು. ಅಂದರೆ ಮೇಲಕ್ಕೆ ಎಳೆಯುವುದು. ಕ್ಲಾಸಿನಲ್ಲಿ ಹೇಳಿ ಹೇಳಿ ನನಗೇ ನಗು ಬರುತ್ತದೆ, ಎಲೆಕ್ಟ್ರಾನ್ ಕಳೆದುಕೊಳ್ಳುವುದಕ್ಕೆ ಈ ಹೆಸರು! ಬೋರ್ಡಿನಲ್ಲಿ ಅದು ಬೇಡವೇ ಬೇಡ.

ನನಗೆ ಭಯ ಇರುವುದು "ಶುದ್ಧೀಕರಣ" ಪದದ ಮೇಲೆ. ಊರೂರಲ್ಲಿ "ಶುದ್ಧ ಕುಡಿಯುವ ನೀರಿನ ಘಟಕ" ಎಂಬ ಬೋರ್ಡ್ ಇದೆ. ಜನಕ್ಕೆ ಶುದ್ಧ ಅಂದರೆ ಬಿಂದಿಗೆ ಹಿಡಿ ಎಂದೇ ಅರ್ಥ. ನಿಮ್ಮದು ಪಲ್ಪರ್ ನೀರು. ಕರಗಿದ ಉಪ್ಪು ಹಾಗೇ ಇರುತ್ತದೆ, ಪೆರಾಕ್ಸೈಡ್ ಕೂಡ ಸ್ವಲ್ಪ ಉಳಿದಿರಬಹುದು. ಶುದ್ಧ ಅಂತ ಬರೆಸಿದರೆ ಕೆಲಸದವರ ಮಗು ಬಂದು ಕುಡಿಯುತ್ತದೆ. "ಸಂಸ್ಕರಿಸಿದ ನೀರು" ಅನ್ನಿ, ಅಥವಾ ಹೆಸರೇ ಬೇಡ.

ಹಾಸನದಿಂದ:
ಸಂಸ್ಕರಣೆಯೂ ಸಂಸ್ಕೃತವೇ. ಒಂದು ಹೋಗಿ ಇನ್ನೊಂದು ಬಂತು.

ಬೇಲೂರಿನಿಂದ:
ಹೌದು, ಬಂತು. "ಆಮ್ಲಜನಕ"ವೂ ಹಾಗೇ ಬಂದಿದ್ದು, ಅದೂ ತಪ್ಪು ಹೊತ್ತುಕೊಂಡು. ಹುಳಿಗೆಲ್ಲ ಈ ಗಾಳಿಯೇ ಮೂಲ ಎಂದು ತಿಳಿದು ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೆ ಗ್ರೀಕಿನಲ್ಲಿ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ತಪ್ಪನ್ನು ನಾವು ಅನುವಾದ ಮಾಡಿಕೊಂಡೆವು. ಅದಕ್ಕಿಂತ "ಆಕ್ಸಿಜನ್" ಅಂತಲೇ ಇಟ್ಟುಕೊಂಡಿದ್ದರೆ ಏನು ನಷ್ಟ ಆಗುತ್ತಿತ್ತು?

ಹಾಸನದಿಂದ:
ಹಾಗಾದರೆ ಕನ್ನಡವೇ ಬೇಡ ಅನ್ನಿ.

ಚಿಕ್ಕಮಗಳೂರಿನಿಂದ:
ಸರ್, ಕಾಫಿ, ಪಲ್ಪರ್, ರೈಟರ್ ಮೂರೂ ಎರವಲು. ಮೂರನ್ನೂ ತೆಗೆದರೆ ಈ ತೋಟದಲ್ಲಿ ಉಳಿಯುವುದು ಮಳೆ ಮತ್ತು ಜಿಗಣೆ.

ಅರಸೀಕೆರೆಯಿಂದ:
"ತಿಳಿ" ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಮೂಡಿಗೆರೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಬೇಲೂರಿನ ಮೇಡಂ ಮಾತು ಹಿಡಿದೆ, ಹೆಸರನ್ನೇ ಕೈಬಿಟ್ಟೆ. ಬೋರ್ಡ್ ಹೀಗಿದೆ: "ಪಲ್ಪರ್ ನೀರು. ಕುಡಿಯಬೇಡಿ. ದೀಪದ ಪೆಟ್ಟಿಗೆ ತೆರೆಯಬೇಡಿ, ಕಣ್ಣಿಗೆ ಚರ್ಮಕ್ಕೆ ಅಪಾಯ." ಪೇಂಟರ್ ಬರೆದು ಹೋದ. "ಪೆಟ್ಟಿಗೆ"ಗೆ ಒತ್ತು ಬಿಟ್ಟಿದ್ದಾನೆ, ನಾಳೆ ಹಾಕಿಸುತ್ತೇನೆ.